ಫ್ರಿಜ್‌ನವರು ನಡುಗಿ, ವಾಷಿಂಗ್ ಮಷೀನ್‌ನವರು ತಿರುಗಿ

ಇಲ್ಲಿ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಯಾರ ಮೇಲೆ ಬೇಕಾದರೂ ಆಣೆ ಮಾಡಿಸಿಕೊಳ್ಳಿ. ಇಷ್ಟು ದೊಡ್ಡ ಸುಳ್ಳು ಹೆಣೆಯುವ ತಾಕತ್ತು ಇದ್ದವರಿಗೆ ದೊಡ್ಡ ಕಂಪನಿಗಳಲ್ಲಿ, ಗ್ರಾಹಕರಿಗೆ ಸಂದೇಶ ಬರೆಯುವ ವಿಭಾಗದಲ್ಲಿ, ಒಳ್ಳೆಯ ಕೆಲಸ ಸಿಗುತ್ತದೆ. ಅಂಥವರು ಭಾನುವಾರದ ಪುರವಣಿಗೆ ಬರೆಯುತ್ತಾ ಕೂರುವುದಿಲ್ಲ.

ಬೆಳಕು ಈಗಷ್ಟೇ ಹರಿಯುತ್ತಿದೆ. ಬೀದಿದೀಪ ಇನ್ನೂ ಆರಿಲ್ಲ. ಮೂರು ಮಹಡಿಯ ಸರ್ವಿಸ್ ಸೆಂಟರಿನ ಗಾಜಿನ ಬಾಗಿಲ ಮುಂದೆ ಜನ ಸಾಲುಗಟ್ಟಿದ್ದಾರೆ. ಎಲ್ಲರಿಗಿಂತ ಮುಂದಿರುವ ದಪ್ಪನೆಯ ಹೆಂಗಸು ನಿಂತಲ್ಲೇ ಗಿರಗಿರ ಸುತ್ತುತ್ತಿದ್ದಾರೆ. ಸುತ್ತಿ ಸುತ್ತಿ ಇದ್ದಕ್ಕಿದ್ದಂತೆ ನಿಂತು, ಮೈಯೆಲ್ಲ ಕುಲುಕಿ, "ಧಡ್ ಧಡ್ ಧಡ್" ಎನ್ನುತ್ತಾರೆ. ಅವರ ಹಿಂದೆ ನಿಂತ ನಿವೃತ್ತ ಮೇಷ್ಟ್ರು ಹಲ್ಲು ಕಟಕಟ ಕಡಿಯುತ್ತಾ ನಡುಗುತ್ತಿದ್ದಾರೆ. ಅವರ ಹಿಂದಿನವನೊಬ್ಬ ಇಲ್ಲದ ಬಾಗಿಲಿಗೆ ಇಲ್ಲದ ಬೀಗ ತಿರುಗಿಸಿ, ತೆಗೆಯಲಾಗದೆ, ಇಲ್ಲದ ಬಾಗಿಲನ್ನೇ ಒದೆಯುತ್ತಿದ್ದಾನೆ.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ ಕಾವಲಿನಾಕೆಗೆ ಇದ್ಯಾವುದೂ ವಿಚಿತ್ರವಲ್ಲ.

"ತಿರುಗೋರು ಎಡಕ್ಕೆ ಬನ್ನಿ. ನಡುಗೋರು ಬಲಕ್ಕೆ. ಒದೆಯೋರು ಮಹಡಿ ಮೇಲೆ. ಅಮ್ಮಾ, ಸಾಕು ನಿಲ್ಸಿ, ಗೊತ್ತಾಯ್ತು, ತಲೆ ತಿರುಗಿ ಬಿದ್ದುಬಿಟ್ಟೀರಿ! ಬಟ್ಟೆ ಹಿಂಡೋವಾಗ ಸದ್ದು ಬರ್ತಿದೆ, ಅಷ್ಟೇ ತಾನೆ?"

"ಅಯ್ಯೋ, ಹೆಂಗ್ ಗೊತ್ತಾಯ್ತವ್ವಾ!" ಎಂದು ದಪ್ಪನೆಯ ಹೆಂಗಸು ಏದುಸಿರು ಬಿಡುತ್ತಾರೆ.

ಈಕೆಯನ್ನು ಇಡೀ ಬೀದಿ ಕರೆಯುವುದು ಬಾಗಿಲಕ್ಕ ಎಂದು. ಐವತ್ತು ದಾಟಿದ ವಯಸ್ಸು, ಎರಡು ಸೈಜು ದೊಡ್ಡದಾದ ನೀಲಿ ಕೋಟು, ಕತ್ತಿನಲ್ಲಿ ಎಂದೂ ಊದದ ಸೀಟಿ. ಕೋಟಿನ ತೋಳು ಕೈ ಮುಚ್ಚುವುದರಿಂದ ಮಡಚಿ ಪಿನ್ನು ಹಾಕಿಕೊಂಡಿದ್ದಾರೆ. ಬೇರೆ ದಿನವಾಗಿದ್ದರೆ ಸಾಲಿನವರ ಜೊತೆ ನಗುತ್ತಿದ್ದರು. ಇವತ್ತು ತಿಂಗಳ ಮೊದಲ ದಿನ. ಇವತ್ತು ಅವರ ಒಂದು ಕಣ್ಣು ಸಾಲಿನ ಮೇಲೆ, ಇನ್ನೊಂದು ಬೀದಿಯ ತಿರುವಿನ ಮೇಲೆ. ಆ ತಿರುವಿನಲ್ಲಿ ಬೇಕರಿಯ ಕೆಲಸದವನೊಬ್ಬ ಬರಬೇಕು. ಬಂದರೆ, ಅವನ ತಾಯಿಯ ಉಸಿರಿನ ಯಂತ್ರ ನಡೆಯುತ್ತಿದೆ ಎಂದರ್ಥ. ಬರದಿದ್ದರೆ ನಿಂತಿದೆ ಎಂದರ್ಥ. ಇಷ್ಟು ಸರಳವಾದ ವಿಷಯವನ್ನು ಇಷ್ಟು ದೊಡ್ಡ ಕಂಪನಿಯನ್ನು ಕೇಳಿ ತಿಳಿಯಲಾಗದೆ ಬೀದಿಯ ತಿರುವನ್ನು ನೋಡಿ ತಿಳಿಯಬೇಕಾಗಿ ಬಂದಿದ್ದೇಕೆ ಎಂಬುದೇ ಇಲ್ಲಿಯ ಕಥೆ.

ಈ ಕಂಪನಿ ಮೊದಲು ಬರೀ ಫ್ಯಾನು ಮಾಡುತ್ತಿತ್ತು. ಫ್ಯಾನಿಗೆ ಫ್ಯಾನು ಎನ್ನುತ್ತಿತ್ತು. ಆಮೇಲೆ ಫ್ರಿಜ್ಜು ಬಂತು, ವಾಷಿಂಗ್ ಮಷೀನು, ಫೋನು, ಕೈಗಡಿಯಾರ, ಬೀಗ, ಆಸ್ಪತ್ರೆಗಳಿಗೂ ಮನೆಗಳಿಗೂ ಉಸಿರಾಟದ ಯಂತ್ರ ಬಂದವು. ಕೊನೆಗೆ ಆಕಾರವೇ ಇಲ್ಲದ, ಎಲ್ಲೋ ಇದ್ದುಕೊಂಡು ನಮ್ಮ ಫೋಟೋ ಕಾಯುವ ಏನೋ ಒಂದೂ ಬಂತು. ಒಂದೊಂದಕ್ಕೂ ಅದರದೇ ಹೆಸರಿತ್ತು. ಕಳೆದ ವರ್ಷ ಹೆಡ್ ಆಫೀಸಿನಲ್ಲಿ ಯಾರಿಗೋ ಜ್ಞಾನೋದಯವಾಯಿತು. ಇಷ್ಟೊಂದು ಹೆಸರು ಯಾಕೆ, ಎಲ್ಲಕ್ಕೂ ಒಂದೇ ಸಾಕು ಎಂದರು. ಅಂದಿನಿಂದ ಎಲ್ಲವೂ ಒಲೋರಾ. ಫ್ರಿಜ್ಜು ಒಲೋರಾ, ಬೀಗ ಒಲೋರಾ, ಅಂಗಡಿ ಒಲೋರಾ, ಆಕಾರವಿಲ್ಲದ್ದೂ ಒಲೋರಾ. ಸರ್ವಿಸ್ ಸೆಂಟರಿನ ಕೌಂಟರುಗಳ ಮೇಲಿದ್ದ ಹಳೆಯ ಬೋರ್ಡು ಕಿತ್ತು ಹೊಸದು ಹಾಕಿದರು. ಎಲ್ಲ ಬೋರ್ಡಿನಲ್ಲೂ ಒಂದೇ ಪದ. ಒಳಗೆ ಬಂದವರು ಕತ್ತೆತ್ತಿ ಒಂದು ಸುತ್ತು ನೋಡಿ, ಮತ್ತೆ ಬಾಗಿಲಿಗೇ ಬಂದು "ಅಕ್ಕಾ, ಎಲ್ಲಿಗೆ ಹೋಗ್ಲಿ?" ಎಂದು ಕೇಳತೊಡಗಿದರು.

ಬಾಗಿಲಕ್ಕ ಕಂಪನಿಯ ನೌಕರರೂ ಅಲ್ಲ. ಕಾವಲಿನವರನ್ನು ಒದಗಿಸುವ ಗುತ್ತಿಗೆದಾರನ ಕಡೆಯವರು. ಬಾಗಿಲು ತೆಗೆಯುವುದು, ಹಾಕುವುದು, ಚೀಲದೊಳಗೆ ಇಣುಕುವುದು, ಇಷ್ಟೇ ಅವರ ಕೆಲಸ. ದಿನಕ್ಕೆ ಎಷ್ಟು ಸಲ ಬಾಗಿಲು ತೆಗೆಯುತ್ತೀರಿ ಎಂದು ಕೇಳಿದರೆ ನಗುತ್ತಾರೆ. "ಎಣಿಸ್ತಾ ಕೂತ್ರೆ ತೆಗೆಯೋರ್ ಯಾರು?"

ಆದರೂ ಬಾಯಿಗೆ ಬೀಗ ಹಾಕಿರಲಿಲ್ಲ. ಫ್ರಿಜ್ಜಿನವರು ಬಲಕ್ಕೆ ಹೋಗಿ, ಫೋನಿನವರು ಮೇಲೆ ಹೋಗಿ ಎಂದು ಹೇಳುತ್ತಿದ್ದರು. ಅದಕ್ಕೂ ಕುತ್ತು ಬಂತು. ಹಳೆಯ ಹೆಸರು ಯಾರ ಬಾಯಲ್ಲೂ ಬರಕೂಡದು, ಬಂದರೆ ಗ್ರಾಹಕರಿಗೆ ಗೊಂದಲವಾಗುತ್ತದೆ ಎಂದು ಹೆಡ್ ಆಫೀಸು ಆಜ್ಞೆ ಹೊರಡಿಸಿತು. ಹೌದು, ಫ್ರಿಜ್ಜಿಗೆ ಫ್ರಿಜ್ಜು ಎಂದರೆ ಜನರಿಗೆ ಗೊಂದಲವಾಗುತ್ತದಂತೆ! ಇದನ್ನು ಪರೀಕ್ಷಿಸಲು ಗ್ರಾಹಕರ ವೇಷದಲ್ಲಿ ಆಗಾಗ ತನಿಖೆಯವರೂ ಬರತೊಡಗಿದರು. ಅಂಥ ಒಬ್ಬರ ಕಿವಿಗೆ ಬಾಗಿಲಕ್ಕನ ಬಾಯಿಂದ "ಮಿಕ್ಸಿ" ಎಂಬ ಮಾತು ಬಿದ್ದು, ಸೆಂಟರಿನ ಮ್ಯಾನೇಜರಿಗೆ ನೀರಿಳಿಯುವಂತೆ ಬೈಗುಳ ಬಿತ್ತು.

ಮ್ಯಾನೇಜರು ಕೆಟ್ಟವರೇನಲ್ಲ. ಹೆದರಿದವರು. ಟೈ ಸಡಿಲಿಸಿಕೊಂಡು ಬಂದು ಕೈ ಮುಗಿದರಂತೆ. "ಬಾಗಿಲಕ್ಕಾ, ನಿಮ್ ಕಾಲಿಗ್ ಬೀಳ್ತೀನಿ, ಬಾಯಿ ಮುಚ್ಕೊಂಡಿರಿ. ಇನ್ನೊಂದ್ ಸಲ ಸಿಕ್ಕಿಬಿದ್ರೆ ನಿಮ್ ಕೆಲ್ಸ ಹೋಗುತ್ತೆ, ನಂದೂ ಹೋಗುತ್ತೆ."

"ಬಾಯಿ ಮುಚ್ಚು ಅಂದ್ರು, ಮುಚ್ಕೊಂಡೆ" ಎನ್ನುತ್ತಾರೆ ಬಾಗಿಲಕ್ಕ. "ಕೈಕಾಲು ಕಟ್ಕೊ ಅಂತ ಹೇಳಿಲ್ವಲ್ಲ!"

ಹೀಗೆ ಶುರುವಾಯಿತು ಅಭಿನಯ. ಹೆಸರು ಕೇಳುವಂತಿಲ್ಲ, ಹೇಳುವಂತಿಲ್ಲ. ಅದಕ್ಕೇ ಬಾಗಿಲಕ್ಕ ಬಂದವರನ್ನು ಕೇಳುವುದು ಒಂದೇ ಮಾತು: "ನಿಮ್ಮನೇಲಿ ಅದು ಏನ್ ಮಾಡುತ್ತೆ? ಮಾಡಿ ತೋರ್ಸಿ." ಮೊದಲ ದಿನ ಜನ ನಾಚಿಕೊಂಡರು. ಎರಡನೆಯ ವಾರಕ್ಕೆ ಕೆಲವರು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬರತೊಡಗಿದರು. ಒಬ್ಬ ಮುದುಕ ಹಳೆಯ ಫ್ಯಾನನ್ನು ಎಷ್ಟು ಸೊಗಸಾಗಿ ಮಾಡಿ ತೋರಿಸಿದನೆಂದರೆ, ಹಿಂದಿನ ಸಾಲಿನಲ್ಲಿದ್ದವರಿಗೆ ಗಾಳಿ ಬಂತು.

ತಪ್ಪುಗಳೂ ಆಗಿವೆ. ಒಮ್ಮೆ ಪಾಪದ ಮನುಷ್ಯನೊಬ್ಬ ಗಡಗಡ ನಡುಗುತ್ತಾ ಬಂದ. ಬಾಗಿಲಕ್ಕ ಬಲಕ್ಕೆ ಕಳಿಸಿದರು. ಅವನಿಗೆ ಇದ್ದದ್ದು ಚಳಿಜ್ವರ. ಪಕ್ಕದ ಔಷಧಿ ಅಂಗಡಿಗೆ ಹೊರಟವನು ನೆರಳಿಗೆಂದು ನಿಂತಿದ್ದ. ಬಲಗಡೆ ಕೌಂಟರಿನವರು ಅವನಿಗೆ ಟೋಕನ್ ಕೊಟ್ಟು, ಕೂರಿಸಿ, ಗೋಡೆಯಿಂದ ಒಂದು ಗೇಣು ದೂರ ಇರಬೇಕು, ಹಿಂದೆ ಗಾಳಿಯಾಡಬೇಕು, ಬಿಸಿ ಬಿಸಿಯಾದದ್ದನ್ನು ಒಳಗೆ ಹಾಕಬಾರದು ಎಂದು ತಿಳಿಹೇಳಿ ಕಳಿಸಿದರು. ಮಾರನೆಯ ದಿನ ಅವನು ಬಂದು ಜ್ವರ ಇಳಿಯಿತು ಎಂದು ಧನ್ಯವಾದ ಹೇಳಿ ಹೋದ.

"ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಬೆವರುತ್ತೆ. ಅವತ್ತಿಂದ ನಡುಗೋರ ಹಣೆ ಮುಟ್ಟಿ ನೋಡ್ದೆ ಒಳಗೆ ಬಿಡಲ್ಲ" ಎನ್ನುತ್ತಾರೆ ಬಾಗಿಲಕ್ಕ. ಮೇಷ್ಟ್ರ ಹಣೆಯನ್ನೂ ಈಗ ಮುಟ್ಟಿ ನೋಡಿಯೇ ಬಲಕ್ಕೆ ಕಳಿಸಿದ್ದಾರೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವರ ಸಂಸಾರ. ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದವರು. ಮಂಡಿ ಸವೆದ ಮೇಲೆ ಮನೆಯ ಅಡುಗೆ ಅವರದೇ. "ಮನೆಗೆ ಹೋದ್ರೂ ಬಿಡುಗಡೆ ಇಲ್ಲ. ನಮ್ಮನೆಯವ್ರು ಉಪ್ಪು ಖಾಲಿ ಆಗಿದೆ ಅನ್ನೋಕೂ ಅಭಿನಯ ಮಾಡ್ತಾರೆ. ಉಪ್ಪು ಹೆಂಗ್ ಮಾಡ್ತಾರೆ ಅಂತ ಮಾತ್ರ ಕೇಳ್ಬೇಡಿ."

ಇಷ್ಟಕ್ಕೇ ಮುಗಿದಿದ್ದರೆ ನಗಾಡಿಕೊಂಡು ಇರಬಹುದಿತ್ತು. ಹೋದ ತಿಂಗಳು ಎಲ್ಲರ ಫೋನಿಗೂ ಒಂದು ಸಂದೇಶ ಬಂತು. ಅದನ್ನು ಇದ್ದದ್ದು ಇದ್ದಂತೆ ಇಲ್ಲಿ ಕೊಟ್ಟಿದೆ.

"ಪ್ರಿಯ ಒಲೋರಾ ಗ್ರಾಹಕರೇ, ಸಂತಸದ ಸುದ್ದಿ! ಒಲೋರಾ ಇನ್ನು ಮುಂದೆ ಒಲೋರಾದ ಭಾಗ. ನೀವು ಒಲೋರಾ ಬಳಸುತ್ತಿದ್ದರೆ ಏನೂ ಮಾಡಬೇಕಿಲ್ಲ. ಒಲೋರಾ ಬಳಸುತ್ತಿದ್ದರೆ ಮಾತ್ರ ತಿಂಗಳ ಕೊನೆಯೊಳಗೆ ಒಲೋರಾಗೆ ಬದಲಾಗಿ. ತಪ್ಪಿದಲ್ಲಿ ನಿಮ್ಮ ಒಲೋರಾ ನಿಲ್ಲುತ್ತದೆ."

ಜನ ಕಂಗಾಲಾದರು. ಎರಡು ದಿನ ಬಿಟ್ಟು ತಿದ್ದುಪಡಿ ಬಂತು: "ಹಿಂದಿನ ಸಂದೇಶದಿಂದ ಗೊಂದಲವಾಗಿದ್ದಲ್ಲಿ ವಿಷಾದಿಸುತ್ತೇವೆ. ಅದು ಒಲೋರಾ ಕುರಿತದ್ದಲ್ಲ, ಒಲೋರಾ ಕುರಿತದ್ದು."

ಇದನ್ನು ಬರೆದವರು ಓದಿಕೊಂಡವರು. ಬರೆದು, ಇನ್ನೊಬ್ಬರಿಗೆ ತೋರಿಸಿ, ಅವರು ತಲೆಯಾಡಿಸಿದ ಮೇಲೆ ಕಳಿಸಿದವರು. ಆ ಕೋಣೆಯಲ್ಲಿ ಒಬ್ಬನಿಗಾದರೂ ಸಂದೇಶ ಓದುವವರ ಮನೆಯಲ್ಲಿ ಯಾರಿದ್ದಾರೆ, ಏನಿದೆ ಎಂಬ ಯೋಚನೆ ಬರಲಿಲ್ಲವೆಂದರೆ ಏನು ಹೇಳುವುದು? ಒಬ್ಬ ಅಜ್ಜಿ ಫ್ರಿಜ್ಜು ನಿಂತೀತೆಂದು ಒಳಗಿದ್ದದ್ದನ್ನೆಲ್ಲ ಬೇಯಿಸಿ ಇಡೀ ಬೀದಿಗೆ ಬಡಿಸಿದರು. ಒಬ್ಬಾತ ಬೀಗ ಕೈಕೊಟ್ಟೀತೆಂದು ಮನೆಯ ಬಾಗಿಲನ್ನೇ ಕಳಚಿ ಮಂಚದಡಿ ಇಟ್ಟುಕೊಂಡು ಮಲಗಿದ. ಇವರೆಲ್ಲ ಪುಣ್ಯವಂತರು, ಕಳೆದುಕೊಂಡದ್ದು ನಿದ್ದೆ ಮಾತ್ರ. ಬೇಕರಿಯವನದು ಹಾಗಲ್ಲ.

ಅವನು ಬಂದದ್ದು ನಿನ್ನೆ ಬೆಳಿಗ್ಗೆ. ತಿಂಗಳ ಕೊನೆಯ ದಿನ. ಭಟ್ಟಿ ಕೆಲಸ ಮುಗಿಸಿ ನೇರ ಬಂದಿದ್ದ. ಮೊಣಕೈ ತನಕ ಮೈದಾಹಿಟ್ಟು ಇನ್ನೂ ಅಂಟಿತ್ತು. ಅವನ ಮುಂದೆ ಇಸ್ತ್ರಿ ಮುರಿಯದ ಅಂಗಿಯ ಸಾಹೇಬರೊಬ್ಬರು ನಿಂತಿದ್ದರು. ಬಾಗಿಲಕ್ಕ ಆ ಸಾಹೇಬರನ್ನು ಕೇಳಿದರು: "ನಿಮ್ಮನೇಲಿ ಅದು ಏನ್ ಮಾಡುತ್ತೆ? ಮಾಡಿ ತೋರ್ಸಿ."

ಸಾಹೇಬರು ಸ್ವಲ್ಪ ಯೋಚಿಸಿದರು. ಆಮೇಲೆ ಎರಡೂ ತೋಳು ಚಾಚಿ, ಮುಖವೆತ್ತಿ, ಆಕಾಶ ನೋಡುತ್ತಾ ನಕ್ಕರು. ಕಂಪನಿಯ ಜಾಹೀರಾತಿನಲ್ಲಿ ಗುಡ್ಡದ ಮೇಲೆ ನಿಂತವರು ನಗುತ್ತಾರಲ್ಲ, ಥೇಟ್ ಹಾಗೆ.

"ಆಗ್ಲೇ ಗೊತ್ತಾಗೋಯ್ತು, ಇವ್ರು ಹೆಡ್ ಆಫೀಸು ಅಂತ. ಮನೇಲಿ ಮಷೀನ್ ಇಟ್ಕೊಂಡೋರು ಯಾರೂ ಹಂಗ್ ನಗಲ್ಲ." ಬಾಗಿಲಕ್ಕ ತುಟಿ ಬಿಚ್ಚದೆ, ಒಳಗೆ ಹೋಗಿ ಕೂರಿ ಎಂದು ಕೈ ತೋರಿಸಿದರು. ಮುಂದಿನ ಸರದಿ ಬೇಕರಿಯವನದು.

ಅವನು ಎರಡೂ ಕೈಯನ್ನು ಎದೆಯ ಮುಂದೆ ಹಿಡಿದು, ಮೆಲ್ಲಗೆ ಒತ್ತಿ ಬಿಟ್ಟ. ಮತ್ತೆ ಒತ್ತಿ ಬಿಟ್ಟ.

"ಹಾರ್ನು!" ಎಂದರು ಸಾಲಿನಲ್ಲಿ ಯಾರೋ. "ಅಲ್ಲಲೇ, ಹಣ್ಣು ಹಿಂಡೋ ಮಷೀನು" ಎಂದರು ಇನ್ನೊಬ್ಬರು. "ಅವ್ನ್ ಹಿಟ್ಟು ನಾದ್ತಿದಾನೆ, ಕೈ ನೋಡು!" ಎಂದು ಮತ್ತೊಬ್ಬರು ನಗಿಸಿದರು.

ಬೇಕರಿಯವನು ಒತ್ತುವುದನ್ನು ನಿಲ್ಲಿಸಲಿಲ್ಲ. "ಮಷೀನ್ ಮಾಡೋದು ಇದಲ್ಲ ಅಕ್ಕಾ. ಮಷೀನ್ ನಿಂತ್ರೆ ನಾವ್ ಮಾಡ್ಬೇಕಾಗಿರೋದು ಇದು. ನಮ್ಮಮ್ಮಂಗೆ ಗಂಟಲಲ್ಲಿ ಕೊಳವೆ ಇದೆ. ಉಸಿರು ಆ ಮಷೀನೇ ಕೊಡೋದು. ಅದು ನಿಂತ್ರೆ ರಬ್ಬರ್ ಚೀಲ ಇಟ್ಟು ಹಿಂಗ್ ಒತ್ತಬೇಕು, ಬಿಡೋ ಹಂಗಿಲ್ಲ. ಮೆಸೇಜ್ ಬಂದಾಗಿಂದ ನಾನು, ನನ್ ಹೆಂಡ್ತಿ ಇಬ್ರೂ ಕಲೀತಾ ಇದೀವಿ. ನಂದು ಹಿಟ್ಟು ನಾದೋ ಕೈ, ಪರವಾಗಿಲ್ಲ. ಅವಳಿಗೆ ಕೈ ಸೋತುಬಿಡುತ್ತೆ."

ನಗಿಸಿದವನು ತಲೆ ತಗ್ಗಿಸಿದ.

"ಆಸ್ಪತ್ರೇಲಿ ಕೇಳಿದ್ಯಾ ತಮ್ಮಾ?"

"ಕೇಳ್ದೆ ಅಕ್ಕಾ. ಕಂಪನಿಯೋರನ್ನೇ ಕೇಳು ಅಂದ್ರು. ನಿಲ್ಲುತ್ತಾ, ಇಲ್ವಾ? ಅಷ್ಟು ಹೇಳಿದ್ರೆ ಸಾಕು. ನಿಲ್ಲುತ್ತೆ ಅಂದ್ರೆ ಇವತ್ತೇ ಎತ್ಕೊಂಡಾದ್ರೂ ಆಸ್ಪತ್ರೆಗೆ ಹೋಗ್ತೀನಿ. ಆದ್ರೆ ಮೆಟ್ಟಿಲು ಇಳಿಸೋವಷ್ಟ್ರಲ್ಲಿ ಅಮ್ಮ ತಡ್ಕೊಳಲ್ಲ ಅಂತಾರೆ ಡಾಕ್ಟ್ರು. ಅದಕ್ಕೇ ಸರಿಯಾಗ್ ತಿಳ್ಕೊಂಡು..."

ಬಾಗಿಲಕ್ಕ ಸ್ಟೂಲು ಬಿಟ್ಟು ಎದ್ದು ಅವನನ್ನು ಕರೆದುಕೊಂಡು ಹೊರಟರು. ಬಾಗಿಲು ಬಿಟ್ಟು ಒಳಗೆ ಹೋದದ್ದು ಅದೇ ಮೊದಲು. ಎಡಗಡೆ ಕೌಂಟರು ಬಲಗಡೆಗೆ ಕಳಿಸಿತು. ಬಲಗಡೆಯದು ಮಹಡಿಗೆ ಕಳಿಸಿತು. ಮಹಡಿಯವರು ಮ್ಯಾನೇಜರನ್ನು ತೋರಿಸಿದರು. ಮ್ಯಾನೇಜರು ಸಂದೇಶ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಒಲೋರಾ ಬಳಸ್ತಿದ್ರೆ ಏನೂ ಮಾಡ್ಬೇಕಿಲ್ಲ ಅಂತಿದೆ" ಎಂದರು.

"ಮುಂದಿನ ಸಾಲು ಓದಿ ಸಾರ್" ಎಂದ ಬೇಕರಿಯವನು.

ಮ್ಯಾನೇಜರು ಮುಂದಿನ ಸಾಲು ಓದಿದರು. ಹೆಡ್ ಆಫೀಸಿಗೆ ಫೋನು ಹಚ್ಚಿದರು. ಮೊದಲು ಸಂಗೀತ ಬಂತು. ಆಮೇಲೆ ಹೆಣ್ಣುದನಿಯೊಂದು ಜೇನು ಸುರಿದಂತೆ ಹೇಳಿತು: "ಒಲೋರಾಗಾಗಿ ಒಂದನ್ನು ಒತ್ತಿ. ಒಲೋರಾಗಾಗಿ ಎರಡನ್ನು ಒತ್ತಿ. ಇತರ ಒಲೋರಾಗಳಿಗಾಗಿ ಮೂರನ್ನು ಒತ್ತಿ."

ಬಾಗಿಲಕ್ಕನಿಗೆ ಗೊತ್ತಿತ್ತು, ಇಸ್ತ್ರಿ ಮುರಿಯದ ಅಂಗಿಯವರು ಹಿಂದಿನ ಕುರ್ಚಿಯಲ್ಲೇ ಕೂತು ಎಲ್ಲ ಕೇಳುತ್ತಿದ್ದಾರೆ ಎಂದು. ಬಾಯಿ ತೆರೆದರೆ ಕೆಲಸ ಹೋಗುತ್ತದೆ. ಗಂಡನ ಮಂಡಿ, ಎರಡು ಕೋಣೆ, ಎಲ್ಲ ಕಣ್ಣಮುಂದೆ ಬಂದವಂತೆ. "ಬಂದಿದ್ದು ನಿಜ. ಆದ್ರೆ ಆ ಹುಡ್ಗನ ಕೈ ಆಗ್ಲೂ ಒತ್ತುತ್ತಾನೇ ಇತ್ತು. ಬರೀ ಗಾಳಿನ."

ಟೋಕನ್ ಕೂಗುವ ಮೈಕು ಪಕ್ಕದಲ್ಲೇ ಇತ್ತು. ಕೈಗೆತ್ತಿಕೊಂಡರು.

"ಫ್ರಿಜ್ಜು!" ಎಂದರು ಬಾಗಿಲಕ್ಕ. ಮೂರೂ ಮಹಡಿಗೆ ಕೇಳಿಸಿತು. "ಫ್ರಿಜ್ಜು, ಫ್ಯಾನು, ಮಿಕ್ಸಿ, ವಾಷಿಂಗ್ ಮಷೀನು, ಬೀಗ, ಫೋನು! ಎಲ್ಲದ್ರ ಹೆಸ್ರೂ ಹೇಳಿದೀನಿ, ಬರ್ಕೊಳಿ ಸಾಹೇಬ್ರೆ. ಹೆಡ್ ಆಫೀಸಿಂದ ಬಂದಿದೀರಲ್ಲ, ನಿಮ್ಮನ್ನೇ ಕೇಳ್ತಿರೋದು. ಉಸಿರಾಡೋ ಮಷೀನು! ಇವನ ತಾಯಿದು! ಇವತ್ತು ರಾತ್ರಿ ಅದು ನಿಲ್ಲುತ್ತೋ, ಇಲ್ವೋ? ಒಂದೇ ಒಂದು ಮಾತು ಹೇಳಿ. ಆ ಮಾತಲ್ಲಿ ನಿಮ್ ಕಂಪನಿ ಹೆಸ್ರು ಇರಕೂಡ್ದು!"

ಅರ್ಧ ಕುಲುಕಿ ನಿಂತ ವಾಷಿಂಗ್ ಮಷೀನಿನವರೂ, ನಡುಗುತ್ತಿದ್ದ ಫ್ರಿಜ್ಜಿನವರೂ ಸಾಹೇಬರ ಸುತ್ತ ನೆರೆದರು. ಸಾಹೇಬರು ಬೆವರಿದರು. ಅವರು ಬರೀ ತನಿಖೆಯವರಲ್ಲ, ಆ ಸಂದೇಶ ಬರೆದ ವಿಭಾಗದವರೇ ಎಂಬುದು ಆಗ ತಿಳಿಯಿತು. ಅವರಿಗೂ ಉತ್ತರ ಗೊತ್ತಿರಲಿಲ್ಲ! ಮೇಲಿನವರಿಗೆ ಫೋನು ಮಾಡಿದರು, ಅವರು ಅವರ ಮೇಲಿನವರಿಗೆ ಮಾಡಿದರು. ಅಷ್ಟು ಹೊತ್ತೂ ಯಾರೂ ಕದಲಲಿಲ್ಲ. ಕೊನೆಗೆ ಸಾಹೇಬರು ಫೋನು ಕಿವಿಯಿಂದ ಇಳಿಸಿ, ನೆಲ ನೋಡುತ್ತಾ ಹೇಳಿದರು.

"ನಿಲ್ಲೋದು... ಚಿಟ್ಟೆ."

"ಏನಂದ್ರಿ?"

"ಕೈಗಡಿಯಾರದ ಮುಖದ ಮೇಲೆ ಒಂದು ಚಿಟ್ಟೆ ಚಿತ್ರ ಬರ್ತಿತ್ತು. ಅದು ಇನ್ನು ಬರಲ್ಲ. ಅಷ್ಟೇ."

ಒಂದು ಚಿಟ್ಟೆ! ರೆಕ್ಕೆ ಬಡಿಯುವ ಒಂದು ಚಿತ್ರಕ್ಕಾಗಿ ಒಂದು ಮನೆಯ ಗಂಡಹೆಂಡಿರು ವಾರಗಟ್ಟಲೆ ಸರದಿಯಲ್ಲಿ ರಬ್ಬರ್ ಚೀಲ ಒತ್ತುತ್ತಾ ಕೂತರು. ಒಂದು ಸಾಲಿನಲ್ಲಿ "ಚಿಟ್ಟೆ" ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಚಿಟ್ಟೆಯ ಹೆಸರೂ ಒಲೋರಾ ಆಗಿತ್ತಲ್ಲ!

ಬೇಕರಿಯವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಬಾಗಿಲಕ್ಕ ನೀರು ಕೊಟ್ಟರು. ಹೋಗುವಾಗ ಅವನು ಹೇಳಿದ: "ಅಕ್ಕಾ, ಇವತ್ತು ರಾತ್ರಿ ಮಾತ್ರ ನಾವಿಬ್ರೂ ಎದ್ದೇ ಇರ್ತೀವಿ. ಇವ್ರ ಮಾತು ನಂಬೋಕಾಗಲ್ಲ. ಮಷೀನ್ ನಡೀತಿದ್ರೆ ಬೆಳಿಗ್ಗೆ ಬಂದು ಕೈ ತೋರ್ಸಿ ಹೋಗ್ತೀನಿ. ಬರ್ಲಿಲ್ಲ ಅಂದ್ರೆ, ಒತ್ತುತ್ತಾ ಇದೀವಿ ಅಂತ ತಿಳ್ಕೊಳಿ."

ಅವನು ನಂಬದೇ ಇದ್ದದ್ದೇ ಸರಿ. ಸಂಜೆಗೆ ಇನ್ನೊಂದು ಸಂದೇಶ ಬಂತು: "ಒಲೋರಾ ನಿಲ್ಲುತ್ತದೆ ಎಂಬ ವದಂತಿ ನಂಬಬೇಡಿ. ನಿಲ್ಲುವುದು ಒಲೋರಾ ಮಾತ್ರ."

ಆ ಕಾರಣಕ್ಕೇ ಇವತ್ತು ಬಾಗಿಲಕ್ಕನ ಕಣ್ಣು ತಿರುವಿನ ಮೇಲಿದೆ. ಬೀದಿದೀಪ ಆರಿದೆ. ಸಾಲು ಅರ್ಧ ಕರಗಿದೆ. ಬೇಕರಿಯವನು ಬಂದಿಲ್ಲ.

ಬಂದವರು ಸಾಹೇಬರು. ಇವತ್ತು ಬೇರೆ ಅಂಗಿ, ಇಸ್ತ್ರಿ ಅದೇ. ಬಾಗಿಲಕ್ಕ ಎದ್ದು ನಿಲ್ಲುತ್ತಾರೆ. ಕೋಟು ಬಿಚ್ಚಿಕೊಡಬೇಕಾದೀತೆಂದು ತೋಳಿನ ಪಿನ್ನು ಆಗಲೇ ತೆಗೆದಿಟ್ಟುಕೊಂಡಿದ್ದಾರೆ.

"ಕೂತ್ಕೊಳಿ ಅಕ್ಕಾ, ನಿಮ್ಮನ್ನ ಯಾರೂ ತೆಗೀತಿಲ್ಲ" ಎನ್ನುತ್ತಾರೆ ಸಾಹೇಬರು. "ನಿನ್ನೆದು ಮೇಲಿನೋರಿಗೆ ಹೇಳ್ದೆ. ತುಂಬ ಇಷ್ಟ ಆಯ್ತು ಅವ್ರಿಗೆ! ಈ ಅಭಿನಯ ಇದ್ಯಲ್ಲ, ಎಲ್ಲ ಸೆಂಟರಲ್ಲೂ ತರ್ತೀವಿ. ನಿಮ್ ಕೆಲ್ಸಕ್ಕೂ ಒಂದು ಹೊಸ ಹೆಸ್ರು ಕೊಡ್ತಿದೀವಿ."

"ಏನ್ ಹೆಸ್ರು?"

"ಒಲೋರಾ."

ಬಾಗಿಲಕ್ಕ ಮತ್ತೆ ಸ್ಟೂಲಿನ ಮೇಲೆ ಕೂರುತ್ತಾರೆ. "ಮುಂದಿನ ತಿಂಗಳ ಕೊನೇಲಿ ನಿಲ್ಲೋದು ನಾನಾ ಹಂಗಾದ್ರೆ?"

ಸಾಹೇಬರು ನಗುತ್ತಾರೆ. "ತಮಾಷೆ ಮಾಡ್ಬೇಡಿ. ನಿಮಗೇನ್ ಬೇಕು ಕೇಳಿ, ಮೇಲಿನೋರು ಕೇಳ್ಕೊಂಡ್ ಬಾ ಅಂದಿದಾರೆ."

"ಏನೂ ಬೇಡ ಸಾರ್. ಫ್ರಿಜ್ಜಿನ ಕೌಂಟರ್ ಮೇಲೆ ಫ್ರಿಜ್ಜು ಅಂತ ಬರ್ಸಿ. ಉಸಿರಿನ ಮಷೀನಿಗೆ ಒಂದು ಕೌಂಟರ್ ಮಾಡಿ, ಅಲ್ಲಿ ಬಾಯಿರೋ ಮನುಷ್ಯನ್ನ ಕೂರ್ಸಿ. ನಾನು ಬಾಗಿಲು ತೆಗೆಯೋಳು. ಬಾಗಿಲು ತೆಗೀತೀನಿ. ನನ್ ಕೆಲ್ಸಕ್ಕೆ ಹೆಸ್ರಿದೆ."

"ಅಲ್ಲೇ ನೋಡಿ ನೀವು ತಪ್ಪು ತಿಳ್ಕೊಂಡಿರೋದು" ಎಂದು ಸಾಹೇಬರು ಸ್ಟೂಲಿನ ಪಕ್ಕಕ್ಕೇ ಸರಿದು, ಮಗುವಿಗೆ ಪಾಠ ಹೇಳುವವರಂತೆ ದನಿ ಇಳಿಸುತ್ತಾರೆ. ಬಾಗಿಲಕ್ಕ ತಲೆಯಾಡಿಸುತ್ತಾರೆ, ಕಣ್ಣು ಮಾತ್ರ ಅವರ ಭುಜದಾಚೆಗಿದೆ. ತಿರುವಿನಲ್ಲಿ ಯಾರೋ ಕಾಣಿಸಿಕೊಂಡಿದ್ದಾರೆ. ನಿದ್ದೆಗೆಟ್ಟ ನಡಿಗೆ. ಇವತ್ತು ಮೊಣಕೈ ತನಕ ಹಿಟ್ಟಿಲ್ಲ. ರಸ್ತೆಯ ಆಚೆ ಬದಿಯಲ್ಲೇ ನಿಂತು ಅವನು ಎರಡೂ ಕೈಯನ್ನು ತಲೆಯ ಮೇಲಕ್ಕೆತ್ತಿ, ಬೆರಳು ಬಿಡಿಸಿ, ಹಾಗೇ ಹಿಡಿಯುತ್ತಾನೆ. ಒತ್ತುತ್ತಿಲ್ಲ. ಖಾಲಿ ಕೈ.

ಸಾಹೇಬರು ಹೇಳುತ್ತಲೇ ಇದ್ದಾರೆ. "ಒಲೋರಾ ಅಂದ್ರೆ ಬರೀ ಒಂದು ವಸ್ತುವಿನ ಹೆಸ್ರಲ್ಲ ಅಕ್ಕಾ, ಅದೊಂದು ಅನುಭವ, ಒಂದು ಕುಟುಂಬ, ಇವತ್ತು ಆ ಕುಟುಂಬ ಎಷ್ಟು ದೊಡ್ಡದಾಗಿದೆ ಅಂದ್ರೆ, ಅದ್ರಲ್ಲಿ ನೀವು, ನಾನು, ಆ ಬೇಕರಿಯೋನು ಎಲ್ರೂ..."

ಸ್ಟೂಲು ಖಾಲಿಯಿದೆ. ಬಾಗಿಲು ತೆರೆದಿದೆ.